ಒಂದು ಚಕ್ರ ಉಬ್ಬು ಹತ್ತಿದರೆ ಗಾಡಿ ಪಕ್ಕಕ್ಕೆ ಎಗರುತ್ತೆ (ಮನೆಯಲ್ಲೇ ಕಟ್ಟಿದ ಕಾರು, ದಾವಣಗೆರೆ)

ಭಟ್ಟಿ ಪಕ್ಕದ ಗ್ಯಾರೇಜ್:
ಎಲ್ಲರಿಗೂ ನಮಸ್ಕಾರ. ಲೋಟಸ್ ಸೆವೆನ್ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯಲ್ಲಿ ಎರಡು ಸೀಟಿನ ಕಾರು ಕಟ್ಟುತ್ತಿದ್ದೇನೆ. ಫ್ರೇಮು ಚೌಕ ಪೈಪಿನದು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಓಮ್ನಿಯವು. ಮುಂದೆ ಮಾರುತಿ 800ರ ನಕಲ್ (ಚಕ್ರದ ಹಬ್ ಕೂರುವ, ಸ್ಟೀರಿಂಗಿಗೆ ತಿರುಗುವ ಭಾಗ) ಮತ್ತು ಚಕ್ರಗಳನ್ನು ತಿರುಗಿಸಲು ಎಡಬಲ ಸರಿಯುವ ಸ್ಟೀರಿಂಗ್ ರ‍್ಯಾಕ್. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಕಂಬ) ತೆಗೆದು, ಅದರ ಬೋಲ್ಟ್ ಜಾಗಕ್ಕೆ ಬ್ರಾಕೆಟ್ ಮಾಡಿ, ಮೇಲೆ ಕೆಳಗೆ ಎರಡೂ ಕಡೆ ಚಕ್ರವನ್ನು ಫ್ರೇಮಿಗೆ ಹಿಡಿಯುವ ಆರ್ಮ್, ಅಂದರೆ ವಿಶ್‌ಬೋನ್ ಹಾಕಿದ್ದೇನೆ. ರ‍್ಯಾಕ್ ಇರೋದು ಆಕ್ಸಲ್ ಹಿಂದೆ.

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮೈನಸ್ 1 ಡಿಗ್ರಿ, ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚಿನ ಮೇಲ್ತುದಿ ಹಿಂದಕ್ಕೆ ವಾಲಿರೋದು) 4, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರೋದು) 2 ಮಿ.ಮೀ. ಮಾವನ ಅಕ್ಕಿ ಗಿರಣಿ ಅಂಗಳದಲ್ಲಿ ಓಡಿಸಿ ನೋಡಿದೆ. ನುಣುಪು ಕಾಂಕ್ರೀಟ್ ಮೇಲೆ ಒಳ್ಳೆ ನೇರ ಹೋಗುತ್ತೆ. ಆದರೆ ಲಾರಿ ತೂಗುವ ವೇಬ್ರಿಡ್ಜಿನ ಅಂಚಿಗೆ ಒಂದು ಚಕ್ರ ಹತ್ತಿತೋ, ಸ್ಟೀರಿಂಗ್ ಗಟ್ಟಿ ಹಿಡಿದಿದ್ದರೂ ಗಾಡಿ ಪಕ್ಕಕ್ಕೆ ಎಗರುತ್ತೆ. ಅಲೈನ್‌ಮೆಂಟ್ ಮಿಷನ್ನಿನಲ್ಲಿ ಎಲ್ಲಾ ಹಸಿರು ತೋರಿಸಿತು. ಟೋ ಇನ್ನೂ ಸ್ವಲ್ಪ ಜಾಸ್ತಿ ಮಾಡಲಾ?

ದುರ್ಗದ ಗಾಳಿ:
ಗುರುವೇ, ಮೊದಲು ಟಯರಿಗೆ ಎಷ್ಟು ಗಾಳಿ ಹಾಕಿದ್ದೀಯಾ ಹೇಳು. ಇಷ್ಟು ಹಗುರ ಗಾಡಿಗೆ 800ರ ಲೆಕ್ಕದಲ್ಲಿ ಹಾಕಿದರೆ ಪುಟಿಯದೆ ಇನ್ನೇನು ಮಾಡುತ್ತೆ? ಇಳಿಸಿ ನೋಡು. ಇನ್ನೊಂದು ಮಾತು, ಇದನ್ನು ಪಿ.ಬಿ. ರೋಡಿಗೆ ಇಳಿಸೋ ಆಸೆ ಇದ್ದರೆ ಬಿಟ್ಟುಬಿಡು. ಟೆಸ್ಟ್ ಆಗಿ ಅನುಮೋದನೆ ಸಿಗದ ಗಾಡಿಗೆ ಆರ್‌ಟಿಒ ನಂಬರ್ ಕೊಡಲ್ಲ. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ಲಾರಿ ಮೇಲೆ ಹಾಕಿಕೊಂಡು ಹೋಗೋದೇ ಸರಿ.

ಹರಿಹರದ ಟರ್ನರ್:
ತಮ್ಮಾ, ಟೋ ಮುಟ್ಟಬೇಡ. ಗಾಳಿ ಇಳಿಸು, ಒಳ್ಳೇದೇ, ಆದರೆ ರೋಗ ಅದಲ್ಲ. ಅಲೈನ್‌ಮೆಂಟ್ ಅಂಗಡಿಯವನದೂ ತಪ್ಪಿಲ್ಲ. ಅವನ ಮಿಷನ್ ತೋರಿಸೋದು ಗಾಡಿ ನಿಂತಾಗಿನ ಟೋ. ಚಕ್ರ ಏರಿ ಇಳಿಯುವಾಗ ಏನಾಗುತ್ತೆ ಅಂತ ಅದಕ್ಕೇನು ಗೊತ್ತು? ನಿನ್ನದು ಬಂಪ್ ಸ್ಟೀರ್, ಚಕ್ರ ಏರಿಳಿದಾಗ ತಾನೇ ತಿರುಗೋ ರೋಗ.

800ಕ್ಕೆ ಮೇಲಿನ ಆರ್ಮೇ ಇಲ್ಲ. ಆ ರ‍್ಯಾಕಿನ ಎತ್ತರ, ಟೈರಾಡ್ (ಅದರಿಂದ ಚಕ್ರಕ್ಕೆ ಹೋಗುವ ಸರಳು) ಉದ್ದ ಎಲ್ಲಾ ಸ್ಟ್ರಟ್ಟಿಗೆ ಹೊಂದಿಸಿದ್ದು. ನೀನು ಮೇಲೊಂದು ಆರ್ಮ್ ಹಾಕಿದ ಕೂಡಲೇ ಚಕ್ರ ಏರಿಳಿಯುವ ದಾರಿ ಬೇರೆ ಆಯ್ತು. ಟೈರಾಡ್ ದಾರಿ ಅದಕ್ಕೆ ಹೊಂದುತ್ತಿಲ್ಲ. ಹಾಗಾಗಿ ಚಕ್ರವನ್ನು ಎಳೆದು ತಿರುಗಿಸುತ್ತಿದೆ.

ಅಳೆದು ನೋಡು. ಸೀಟಿನ ಮೇಲೆ ನಿನ್ನ ತೂಕದಷ್ಟು ಅಕ್ಕಿ ಚೀಲ ಇಡು, ಗಿರಣಿ ಇದೆಯಲ್ಲ. ಆಗ ಫ್ರೇಮು ಎಷ್ಟು ಎತ್ತರ ನಿಲ್ಲುತ್ತೋ ಗುರುತು ಮಾಡಿ, ಅದೇ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಕೂರಿಸು. ಸ್ಪ್ರಿಂಗ್ ಬಿಚ್ಚು. ರ‍್ಯಾಕ್ ನಡುಮಧ್ಯಕ್ಕೆ ತಂದು ಅಲ್ಲಾಡದಂತೆ ಬಿಗಿ. ಚಕ್ರದ ಜಾಗಕ್ಕೆ ಒಂದು ಅಲ್ಯುಮಿನಿಯಂ ಪ್ಲೇಟ್, 114.3 ಮಿ.ಮೀ. ಪಿಸಿಡಿಗೆ (ಬೋಲ್ಟ್ ತೂತುಗಳ ವೃತ್ತದ ವ್ಯಾಸ) ನಾಲ್ಕು ತೂತು. ಪ್ಲೇಟ್ ಸೊಟ್ಟ ಇದ್ದರೆ ಅಳತೆ ಸುಮ್ನೆ ದಂಡ. ನನ್ನ ಹತ್ತಿರ ಮೈಸೂರು ಕಿರ್ಲೋಸ್ಕರ್ ಲೇತ್ ಇದೆ, ನಮ್ಮೂರಲ್ಲೇ ತಯಾರಾದದ್ದು, ತಂದರೆ ಫೇಸಿಂಗ್ ಹೊಡೆದು ಮುಖ ಸಮ ಮಾಡಿ ಕೊಡುತ್ತೇನೆ. ಪ್ಲೇಟಿನ ಮುಂದೊಂದು ಹಿಂದೊಂದು ಡಯಲ್ ಗೇಜ್ (ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ), 300 ಮಿ.ಮೀ. ಅಂತರ. ಜಾಕಿನಿಂದ 10 ಮಿ.ಮೀ.ನಂತೆ ಹಬ್ ಏರಿಸುತ್ತಾ ಎರಡೂ ಓದು, ಆಮೇಲೆ ಇಳಿಸುತ್ತಾ ಓದು. ಎರಡರ ವ್ಯತ್ಯಾಸವೇ ಟೋ. ಎರಡು ಮುಳ್ಳೂ ಜೊತೆಯಲ್ಲಿ ಓಡಿದರೆ ಯೋಚನೆ ಬೇಡ.

ಏರುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ ತಿರುಗಿದರೆ ರ‍್ಯಾಕಿನ ಎತ್ತರ ತಪ್ಪು. ಏರಿದರೂ ಇಳಿದರೂ ಒಂದೇ ಕಡೆ ತಿರುಗಿದರೆ ಟೈರಾಡ್ ಉದ್ದ ತಪ್ಪು. ಹಾಂ, ಕ್ಯಾಸ್ಟರ್ ಮೊದಲು ಖಾಯಂ ಮಾಡಿಕೋ. ಅದನ್ನು ಜಾಸ್ತಿ ಮಾಡಿದರೆ ನಕಲ್ಲಿನಿಂದ ಹಿಂದಕ್ಕೆ ಚಾಚಿದ, ಟೈರಾಡ್ ಸೇರುವ ಸ್ಟೀರಿಂಗ್ ಆರ್ಮಿನ ತುದಿ ಕೆಳಗೆ ಇಳಿಯುತ್ತೆ, ಅಳತೆ ಎಲ್ಲಾ ಮತ್ತೆ ಮೊದಲಿನಿಂದ.

ಭಟ್ಟಿ ಪಕ್ಕದ ಗ್ಯಾರೇಜ್:
ಯಜಮಾನ್ರೇ, ಎಡಗಡೆ ಅಳೆದೆ. ಮಂಡಕ್ಕಿ ಭಟ್ಟಿಯ ಮಸಿ ಡಯಲ್ ಮೇಲೆಲ್ಲಾ ಕೂರುತ್ತೆ, ಒರೆಸಿ ಒರೆಸಿ ಓದಬೇಕಾಯ್ತು. 30 ಮಿ.ಮೀ. ಏರಿಸಿದರೆ ಟೋ-ಔಟ್ 3.2. 30 ಇಳಿಸಿದರೆ ಟೋ-ಇನ್ 2.4. ಕ್ಯಾಸ್ಟರ್ 4ಕ್ಕೇ ಬಿಟ್ಟಿದ್ದೇನೆ. ರ‍್ಯಾಕ್ ಮೇಲೇರಿಸಬೇಕಾ, ಕೆಳಗಾ? ಟೈರಾಡ್ ಕತ್ತರಿಸಿ ನಡುವೆ ತುಂಡು ಸೇರಿಸಿ ವೆಲ್ಡ್ ಮಾಡು ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ.

ಹರಿಹರದ ಟರ್ನರ್:
ಮೇಲೇರಿಸು. ರ‍್ಯಾಕ್ ಹಿಂದಿರುವ ಗಾಡಿಯಲ್ಲಿ ಏರಿದಾಗ ಟೋ-ಔಟ್, ಇಳಿದಾಗ ಟೋ-ಇನ್ ಬಂದರೆ ರ‍್ಯಾಕ್ ತಗ್ಗಿನಲ್ಲಿದೆ ಅಂತಲೇ ಲೆಕ್ಕ. ಸಮ ಮಾಡಿದರೆ 2.8ರಷ್ಟು ಎತ್ತರದ ತಪ್ಪು, ಮಿಕ್ಕ 0.4 ಉದ್ದದ್ದು. ರ‍್ಯಾಕ್ ಕ್ಲಾಂಪ್ ಕೆಳಗೆ 6 ಮಿ.ಮೀ. ಪ್ಲೇಟ್ ತುಂಡು ಇಟ್ಟು ಮತ್ತೆ ಅಳೆ. ವ್ಯತ್ಯಾಸ ಅರ್ಧ ಆದರೆ ಅಷ್ಟೇ ದಪ್ಪದ್ದು ಇನ್ನೊಂದು ಬೇಕು. 25 ಮಿ.ಮೀ. ಏರಿಳಿತಕ್ಕೆ ಅರ್ಧ ಮಿ.ಮೀ. ಒಳಗೆ ಬಂದರೆ ಸಾಕು, ಆ 0.4 ಹಿಂದೆ ಓಡಬೇಡ.

ಟೈರಾಡ್ ಒಂದನ್ನೇ ಉದ್ದ ಮಾಡಿದರೆ ಚಕ್ರ ಸೊಟ್ಟ ಆಗುತ್ತೆ ಅಷ್ಟೆ. ಒಳಗಿನ ಬಾಲ್ ಜಾಯಿಂಟ್ ಇದ್ದಲ್ಲೇ ಇರುತ್ತಲ್ಲ, ಉದ್ದ ಸರಿಯಾಗಬೇಕಾದರೆ ಅದೂ ಸರಿಯಬೇಕು. ಸ್ಟೀರಿಂಗ್ ಸಾಮಾನಿಗೆ ವೆಲ್ಡಿಂಗ್ ಹಾಕಿದವನ ಗಾಡಿ ಮುಂದೆ ನಾನಂತೂ ನಿಲ್ಲಲ್ಲ. ಗೆಳೆಯನಿಗೆ ಹೇಳು.

ಬಲಗಡೆಯೂ ಅಳೆ, ಎರಡೂ ಒಂದೇ ಬರಲಿ. ರ‍್ಯಾಕ್ ಏರಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ ಕಾಲಮ್ಮಿನ ಜಾಯಿಂಟ್ ಎಲ್ಲೂ ಹಿಡಿಯಲ್ಲ ಅಂತ ನೋಡಿಕೋ. ಅಲ್ಲಿವರೆಗೂ ಫ್ರೇಮಿನ ಮೇಲೆ ಕ್ಲಾಂಪ್ ಕೂರುವ ಜಾಗಕ್ಕೆ ಟ್ಯಾಕ್ (ಚುಕ್ಕಿ ವೆಲ್ಡ್) ಮಾತ್ರ. ಫುಲ್ ವೆಲ್ಡ್ ಆಮೇಲೆ.