ಮಡಕೆಗೆ ಬಣ್ಣ, ಹೊಳಪು: ಮೇಷ್ಟ್ರನ್ನು ಕೇಳಿ

ಅಡ್ಮಿನ್: ಕೊಪ್ಪಳದಲ್ಲಿ ಗ್ಯಾಸ್ ಭಟ್ಟಿ ನಡೆಸುವ ನಮ್ಮ ಮೇಷ್ಟ್ರು ಇವತ್ತು ರಾತ್ರಿ ಗ್ಲೇಜ್ (ಮಡಕೆ ಮೇಲೆ ಸುಟ್ಟು ಕೂರಿಸುವ ಗಾಜಿನಂಥ ಹೊದಿಕೆ) ಬಗ್ಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಗಂಗಾವತಿ: ಮೇಷ್ಟ್ರೇ, ತಾಮ್ರದ ಕಾರ್ಬೊನೇಟ್ ಹಾಕಿದರೆ ರಕ್ತಗೆಂಪು ಬರುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ನನ್ನ ಕರೆಂಟ್ ಭಟ್ಟಿಯಲ್ಲಿ ಮೂರು ಸಲವೂ ಹಸಿರೇ ಬಂತು.

ಮೇಷ್ಟ್ರು: ಹಸಿರೇ ಬರಬೇಕು. ಗಾಳಿ ಸಿಕ್ಕರೆ ತಾಮ್ರ ಹಸಿರು, ಉಸಿರು ಕಟ್ಟಿಸಿದರೆ ಕೆಂಪು. ಗ್ಯಾಸ್ ಭಟ್ಟಿಯಲ್ಲಿ ಗಾಳಿ ಕಡಿಮೆ ಮಾಡಿದಾಗ ಬೆಂಕಿ ತನಗೆ ಸಾಲದ ಆಮ್ಲಜನಕವನ್ನು ಗ್ಲೇಜಿನಿಂದಲೇ ಕಿತ್ತುಕೊಳ್ಳುತ್ತದೆ, ಆಗ ಕೆಂಪು. ನೂರು ಭಾಗ ಗ್ಲೇಜಿಗೆ ಕಾರ್ಬೊನೇಟ್ ಅರ್ಧದಿಂದ 1 ಭಾಗ ಸಾಕು, ಜೊತೆಗೆ ಸ್ವಲ್ಪ ತವರದ ಆಕ್ಸೈಡ್. ಕರೆಂಟ್ ಭಟ್ಟಿಗಾದರೆ ಕೆಂಪು ಸ್ಟೇನ್, ಅಂದರೆ ತಯಾರಾಗಿ ಸಿಗುವ ಬಣ್ಣದ ಪುಡಿ, ಕೊಂಡು ಬಳಸಿ.

ಸಂಡೂರು: ನಮ್ಮಲ್ಲಿ ಕಬ್ಬಿಣದ ಅದಿರಿನ ಪುಡಿಗೆ ಬರವಿಲ್ಲ. ಕರಿ ಬಣ್ಣಕ್ಕೆ ಅದನ್ನೇ ಹಾಕಬಹುದಾ?

ಮೇಷ್ಟ್ರು: ಹಾಕಬಹುದು. 1280 ಡಿಗ್ರಿಯ ಗ್ಲೇಜಿಗೆ ನೂರಕ್ಕೆ 8ರಿಂದ 10 ಭಾಗ ಕಬ್ಬಿಣದ ಆಕ್ಸೈಡ್ ಕೂಡಿದರೆ ಕರಿ ಕಂದು ಬರುತ್ತದೆ, ಅಂಚು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅದಿರಿನಲ್ಲಿ ಬೇರೆಯದೂ ಇರುತ್ತದೆ, ನಿಮ್ಮ ಕಡೆ ಮ್ಯಾಂಗನೀಸ್ ಕೂಡ ಇದೆ. ನುಣ್ಣಗೆ ಅರೆದು, ಜರಡಿ ಹಿಡಿದು, ಮೊದಲು ಚೂರು ಬಿಲ್ಲೆ ಮೇಲೆ ಸುಟ್ಟು ನೋಡಿ. ಊರ ಕೆಮ್ಮಣ್ಣಿನ ಮಡಕೆಯನ್ನು ಅಷ್ಟು ಶಾಖಕ್ಕೆ ಒಯ್ಯಬೇಡಿ, ಕುಸಿದು ಕೂರುತ್ತದೆ.

ರಾಯಚೂರು: ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ಗ್ಲೇಜಿಗೆ ನಡೆಯುತ್ತದಾ ಸರ್?

ಸಿಂಧನೂರು: ಅಣ್ಣಾ, ಗ್ರೂಪೊಂದರಲ್ಲಿ ಬಂದ ಮೆಸೇಜ್ ನೋಡಿ, ಹಳೆ ಗಾಡಿ ಬ್ಯಾಟರಿ ಒಡೆದು ಒಳಗಿನ ಪುಡಿಗೆ ಬಳೆಚೂರು, ಮೈಲುತುತ್ತ ಸೇರಿಸಿ ಜಾಡಿಗೆ ಬಳಿದು ಆವಿಗೆಯಲ್ಲಿ ಸುಟ್ಟೆ. ಕನ್ನಡಿ ಹಾಗೆ ಹೊಳೆಯುವ ಹಸಿರು ಬಂತು! ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಎರಡು ತಿಂಗಳಾಯಿತು. ಈಗ ಒಳಮೈ ಮಬ್ಬಾಗಿದೆ. ಹೊಳಪು ಮತ್ತೆ ಬರಲು ಏನು ಮಾಡಲಿ?

ಮೇಷ್ಟ್ರು: ಅಕ್ಕಾ, ಹೊಳಪಿನ ಮಾತು ಆಮೇಲೆ. ಆ ಉಪ್ಪಿನಕಾಯಿ ಇವತ್ತೇ ನಿಲ್ಲಿಸಿ, ದನಕ್ಕೂ ಹಾಕಬೇಡಿ. ಬ್ಯಾಟರಿಯಲ್ಲಿ ಇರುವುದು ಸೀಸ. ಸೀಸ ಕಡಿಮೆ ಶಾಖಕ್ಕೇ ಗಾಜನ್ನು ಕರಗಿಸಿ ಕನ್ನಡಿ ಹೊಳಪು ಕೊಡುತ್ತದೆ, ಹಿಂದೆ ಎಷ್ಟೋ ಕಡೆ ಅದನ್ನೇ ಬಳಸುತ್ತಿದ್ದರು, ಅದು ನಿಜ. ಆದರೆ ಹುಳಿ, ಉಪ್ಪು ತಾಗಿದರೆ ಅದು ನಿಧಾನಕ್ಕೆ ಊಟಕ್ಕೆ ಇಳಿಯುತ್ತದೆ. ಮೈಲುತುತ್ತದ ತಾಮ್ರ ಸೇರಿದರೆ ಸೀಸ ಇನ್ನೂ ಜಾಸ್ತಿ ಬಿಡುತ್ತದೆ, ಅಂದರೆ ನಿಮ್ಮ ಹಸಿರೇ ಎಲ್ಲಕ್ಕಿಂತ ಕೆಟ್ಟದ್ದು. ಒಳಮೈ ಮಬ್ಬಾಗಿದ್ದು ಹುಳಿ ಗ್ಲೇಜನ್ನು ತಿಂದದ್ದಕ್ಕೆ, ಆ ತಿಂದದ್ದೆಲ್ಲ ಉಪ್ಪಿನಕಾಯಿಯಲ್ಲಿದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಮಕ್ಕಳ ಮೆದುಳಿಗೆ ಪೆಟ್ಟು. ಮನೆಯಲ್ಲಿ ಮಕ್ಕಳಿದ್ದಾರಾ? ಬ್ಯಾಟರಿ ಒಡೆದದ್ದು ಯಾರು, ಎಲ್ಲಿ?

ಸಿಂಧನೂರು: ನಾನೇ, ಅಂಗಳದಲ್ಲಿ. ಇಬ್ಬರು ಮಕ್ಕಳು. ಚಿಕ್ಕವನಿಗೆ ಉಪ್ಪಿನಕಾಯಿ ಇಲ್ಲದೆ ಅನ್ನ ಇಳಿಯಲ್ಲ.

ಮೇಷ್ಟ್ರು: ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ "ರಕ್ತದಲ್ಲಿ ಸೀಸ ಎಷ್ಟಿದೆ ನೋಡಿ" ಅಂತ ಬಾಯಿಬಿಟ್ಟು ಹೇಳಿ, ಮಕ್ಕಳದ್ದೂ ನಿಮ್ಮದೂ. ಅಂಗಳ ಗುಡಿಸಬೇಡಿ, ಧೂಳೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಕುಷ್ಟಗಿ: ಹೆದರಿಸಬೇಡಿ ಮೇಷ್ಟ್ರೇ. ಹುಣಸೆಹಣ್ಣಿನ ನೀರಲ್ಲಿ ಮೂರು ದಿನ ನೆನೆಸಿಟ್ಟರೆ ವಿಷ ಹೋಗುತ್ತದೆ, ನಮ್ಮ ಗ್ರೂಪಲ್ಲಿ ಬಂದಿತ್ತು.

ಮೇಷ್ಟ್ರು: ಹುಣಸೆಯೂ ಹುಳಿಯೇ ಅಲ್ವಾ! ಮೂರು ದಿನ ಸೀಸ ಬಿಡುತ್ತದೆ, ನಾಲ್ಕನೇ ದಿನವೂ ಬಿಡುತ್ತದೆ. ಯಾರು ಬರೀತಾರೋ ಇಂಥವನ್ನು.

ಬಳ್ಳಾರಿ: ನಮ್ಮ ಹಿರಿಯರು ಗ್ಲೇಜನ್ನೇ ಹಾಕಲಿಲ್ಲ. ಕೆಮ್ಮಣ್ಣು ಬಳಿದು ನುಣುಪು ಕಲ್ಲಿನಿಂದ ಉಜ್ಜಿದರೆ ಸಾಕಿತ್ತು.

ಕುಷ್ಟಗಿ: ಉಜ್ಜಿದ ಮಡಕೆಯಲ್ಲಿ ಉಪ್ಪಿನಕಾಯಿ ಇಟ್ಟು ನೋಡ್ರೀ, ಎಣ್ಣೆಯೆಲ್ಲ ಹೊರಗೆ ಜಿನುಗುತ್ತದೆ.

ಬಳ್ಳಾರಿ: ಅದು ನೀರಿಗೆ ಮಾಡಿದ್ದು. ಸುಮ್ನೆ ಎಲ್ಲದಕ್ಕೂ ಬಾಯಿ ಹಾಕಬೇಡಿ.

ಕುಷ್ಟಗಿ: ಬಾಯಿ ಹಾಕಿದ್ದು ನೀವು. ನಾನು ಒಳ್ಳೇದಕ್ಕೆ ಹೇಳಿದೆ.

ಲಿಂಗಸುಗೂರು: ಕೆಂಪು ಬಣ್ಣಕ್ಕೆ ಏನು ಹಾಕಬೇಕು ಸರ್?

ಮೇಷ್ಟ್ರು: ಮೇಲಿದೆ.

ಮಾನ್ವಿ: ನನ್ನ ತಟ್ಟೆ ಸುಟ್ಟ ಹದಿನೈದು ದಿನಕ್ಕೆ ಅಲ್ಲಲ್ಲಿ ಗ್ಲೇಜ್ ಸಮೇತ ಚಕ್ಕೆ ಎದ್ದಿದೆ. ಒಳಗೆ ಬಿಳಿ ಚುಕ್ಕೆ.

ಮೇಷ್ಟ್ರು: ಮಣ್ಣಿನಲ್ಲಿ ಸುಣ್ಣದಕಲ್ಲಿನ ಹರಳು. ಸುಟ್ಟಾಗ ಸುಣ್ಣವಾಗುತ್ತದೆ, ಆಮೇಲೆ ತೇವ ಹೀರಿ ಉಬ್ಬಿ ಸಿಡಿಯುತ್ತದೆ. ಗ್ಲೇಜಿನ ತಪ್ಪಲ್ಲ. ಮಣ್ಣು ಸೋಸಿ.

ಸಿಂಧನೂರು: ಊಟಕ್ಕೆ ಬೇರೆ ಜಾಡಿ ಮಾಡಬೇಕಾದರೆ?

ಮೇಷ್ಟ್ರು: ನಿಮ್ಮ ಮಣ್ಣು ತಡೆಯುವ ಶಾಖಕ್ಕೆ, 1000–1050 ಡಿಗ್ರಿಗೆ ಕರಗುವ ಸೀಸವಿಲ್ಲದ ಫ್ರಿಟ್ (ಮೊದಲೇ ಕರಗಿಸಿ ಅರೆದ ಗಾಜಿನ ಪುಡಿ) ಕೊಳ್ಳಿ, ಬಿಲ್ಲಿನಲ್ಲಿ ಹಾಗೆಂದು ಬರೆಸಿ. ಮುಗಿದ ಮೇಲೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ನಿಂಬೆಹೋಳು ಒಂದು ರಾತ್ರಿ ಇಟ್ಟು ನೋಡುವುದರಿಂದ ಗ್ಲೇಜ್ ಗಟ್ಟಿಯೋ ಇಲ್ಲವೋ ಅನ್ನುವ ಸುಳಿವು ಮಾತ್ರ ಸಿಗುತ್ತದೆ. ಬಣ್ಣ ಬದಲಾಗಲಿಲ್ಲ ಅಂದರೆ ಸೀಸ ಇಲ್ಲ ಅಂತಲ್ಲ.

ಕುಷ್ಟಗಿ: ನಿಂಬೆ ಬದಲು ಮೊಸರು ಇಡಬಹುದಾ?

ಮೇಷ್ಟ್ರು: ನಿಮಗೆ ಇನ್ನು ಉತ್ತರ ಇಲ್ಲ.

ರಾಯಚೂರು: ಹಾರುಬೂದಿ ಕೇಳಿದ್ದೆ ಸರ್.

ಸಿಂಧನೂರು: ಎಸೆದರೆ ನಮ್ಮತ್ತೆ ಬೈತಾರೆ ಅಣ್ಣಾ, ಅಷ್ಟು ಚಂದ ಬಂದಿದೆ. ಬರೀ ಅಂದಕ್ಕೆ ಇಡಲಾ?

ಮೇಷ್ಟ್ರು: ಇಡಿ. ಅಡುಗೆಮನೆಯಲ್ಲಲ್ಲ, ಮಕ್ಕಳ ಕೈಗೂ ಎಟುಕಬಾರದು. ನಿಮ್ಮತ್ತೆಗೆ ಫೋನ್ ಕೊಡಿ, ನಾನೇ ಹೇಳುತ್ತೇನೆ.