ಹಳೇ ಸಿಬಿಆರ್ 250ಆರ್‌ಗೆ ಯಾವ ಟೈರ್? ಮಂಡ್ಯ–ಮೈಸೂರು ಓಡಾಟದ ಅನುಭವ

2012ರ ಹೋಂಡಾ ಸಿಬಿಆರ್ 250ಆರ್ ಬೈಕ್, ದಿನಾ ಮಂಡ್ಯದಿಂದ ಮೈಸೂರಿಗೆ ಓಡಾಟ, ರಜೆ ಸಿಕ್ಕರೆ ಮಡಿಕೇರಿ ಇಲ್ಲಾ ಊಟಿ. ಹಿಂದಿನ ಟೈರ್ ಬೋಳಾಗಿದೆ, ಯಾವುದು ಹಾಕಿಸಲಿ, ಸ್ವಲ್ಪ ಅಗಲದ್ದು ಹಾಕಿಸಬಹುದಾ ಅಂತ ಕೇಳಿದ್ದೀರಿ. ನನ್ನದೂ ಅದೇ ಗಾಡಿ, ಅದೇ ರಸ್ತೆ. ನಮ್ಮ ಗೆಳೆಯರ ಅನುಭವವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅಗಲದ್ದು ಖಂಡಿತ ಬೇಡ. ಮುಂದೆ 110/70-17, ಹಿಂದೆ 140/70-17, ಕಂಪನಿ ಕೊಟ್ಟ ಅಳತೆಯೇ ಸರಿ (ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ). ಅದೇ ರಿಮ್ಮಿಗೆ 150 ಕೂರಿಸಿದರೆ ಟೈರಿನ ಅಂಚು ಒಳಕ್ಕೆ ಎಳೆದುಕೊಂಡು ನಡುಭಾಗ ಉಬ್ಬುತ್ತದೆ. ನೋಡೋಕೆ ದಪ್ಪ ಕಾಣುತ್ತದೆ, ತಿರುವಿನಲ್ಲಿ ಗಾಡಿ ಮೊದಲಿನಷ್ಟು ಸಲೀಸಾಗಿ ವಾಲುವುದಿಲ್ಲ.

ನಿಮ್ಮ ಟೈರಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಅಂಗೈ ಆಡಿಸಿ ನೋಡಿ. ನಡುವೆ ಚಪ್ಪಟೆ, ಎರಡೂ ಪಕ್ಕ ಸಣ್ಣ ಏಣು ಸಿಗುತ್ತದೆ. ನೇರ ರಸ್ತೆಯಲ್ಲೇ ಓಡಿದ ಟೈರ್ ಸವೆಯೋದೇ ಹಾಗೆ. ಘಾಟಿಯಲ್ಲಿ ವಾಲಿಸುವಾಗ ಆ ಏಣು ದಾಟಿದ ಕೂಡಲೇ ಗಾಡಿ ದಿಢೀರನೆ ಬಾಗುತ್ತದೆ. ಇನ್ನೊಂದು ಮಳೆಗಾಲಕ್ಕೆ ಅದನ್ನು ಎಳೆಯಬೇಡಿ.

ಇನ್ನು ನಮ್ಮ ರಸ್ತೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕ್ ಬಿಡುತ್ತಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಜಲ್ಲಿ, ಮಣ್ಣು, ಕಬ್ಬಿನ ಟ್ರ್ಯಾಕ್ಟರ್‌ನಿಂದ ಉದುರಿದ ಸೋಗೆ, ಅಡ್ಡ ಬರುವ ದನ. ಇಂಥ ಕಡೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಗಾಡಿ ನಿಲ್ಲಬೇಕು. ಬಾಳಿಕೆ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಹಿಡಿತ ಇರೋ ಟೈರನ್ನೇ ತಗೊಳ್ಳಿ.

ನಾನು ಹಾಕಿಸಿರುವುದು ಮಿಶೆಲಿನ್ ಪೈಲಟ್ ಸ್ಟ್ರೀಟ್ ರೇಡಿಯಲ್ (ರೇಡಿಯಲ್ ಅಂದರೆ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಕ್ಕೆ ಹೋಗುವ ಟೈರ್). ಎರಡೂ ಚಕ್ರದ ಅಳತೆಗೆ ಸಿಗುತ್ತದೆ, ಮಳೆಯಲ್ಲಿ ನಂಬಿಕೆ ಬಂದಿದೆ. ಊಟಿ ಕಡೆ ಜಾಸ್ತಿ ಹೋಗುವ ಗೆಳೆಯ ಪಿರೆಲಿ ಸ್ಪೋರ್ಟ್ ಡೀಮನ್ ಹಾಕಿಸಿದ್ದಾನೆ. ಅದು ರೇಡಿಯಲ್ ಅಲ್ಲ, ಆದರೂ ತಿರುವುಗಳಲ್ಲಿ ಅವನಿಗೆ ತುಂಬಾ ಖುಷಿ ಕೊಟ್ಟಿದೆ. ಯಾವುದೇ ಹಾಕಿಸಿ, ಮುಂದೆ ಒಂದು ಜಾತಿ ಹಿಂದೆ ಒಂದು ಜಾತಿ ಬೆರೆಸಬೇಡಿ, ಜೋಡಿಯಾಗಿಯೇ ಬದಲಾಯಿಸಿ. ಮುಂದಿನದು ಇನ್ನೂ ಚೆನ್ನಾಗಿದೆ ಅನ್ನಿಸಬಹುದು. ಅದರ ಗೀರುಗಳ ತಳ ಬಿಡಿಸಿ ನೋಡಿ, ಕೂದಲೆಳೆಯಂಥ ಬಿರುಕು ಇದ್ದರೆ ರಬ್ಬರ್ ಗಟ್ಟಿಯಾಗಿದೆ ಅಂತಲೇ ಲೆಕ್ಕ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತೋರಿಸಿ, ಹತ್ತು ವರ್ಷಕ್ಕೆ ಸವೆಯದಿದ್ದರೂ ಬದಲಾಯಿಸಿ ಅಂತ ಮಿಶೆಲಿನ್‌ನವರೇ ಹೇಳುತ್ತಾರೆ.

ದುಡ್ಡು ಕೊಡುವ ಮುಂಚೆ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಈ ಅಳತೆ ದಿನಾ ಮಾರಾಟವಾಗುವಂಥದ್ದಲ್ಲ, ಹಾಗಾಗಿ ಗೋಡೌನಿನಲ್ಲಿ ವರ್ಷಗಟ್ಟಲೆ ಕೂತಿದ್ದದ್ದನ್ನೂ ಕೊಡುತ್ತಾರೆ. ಅಂಥದ್ದಾದರೆ ಬೇಡ ಅನ್ನಿ, ಹೊಸ ಸ್ಟಾಕ್ ತರಿಸಿಕೊಡಿ ಅಂತ ಕೇಳಿ. ಒಂದು ವಾರ ಕಾದರೆ ಏನೂ ನಷ್ಟ ಇಲ್ಲ ಅಲ್ವಾ?

ಟೈರನ್ನು ಮಷೀನಿನಲ್ಲೇ ಬಿಚ್ಚಿಸಿ. ಲಿವರ್ ಹಾಕಿ ಎಬ್ಬಿಸಿದರೆ ಅಲಾಯ್ ಅಂಚಿಗೆ ಪೆಟ್ಟು. ವಾಲ್ವ್ ಹೊಸದು ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ, ಬಾಣದ ಗುರುತು ಸರಿ ದಿಕ್ಕಿಗಿದೆಯಾ ನೋಡಿ. ಹೇಗೂ ಚಕ್ರ ಹೊರಗೆ ಬಂದಿರುತ್ತದೆ, ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ, ಕಿರಿಕಿರಿ ಅಂದರೆ ಬದಲಾಯಿಸಿ. ಹಬ್ ರಬ್ಬರ್ (ಹಿಂದಿನ ಚಕ್ರದ ಒಳಗೆ ಚೈನಿನ ಎಳೆತದ ಪೆಟ್ಟು ತಡೆಯುವ ರಬ್ಬರ್) ಕೂಡ ನೋಡಿಸಿ.

ಹೊಸ ಟೈರ್ ಮೊದಲ ನೂರೈವತ್ತು ಕಿಲೋಮೀಟರ್ ಜಾರುತ್ತದೆ. ಅಲ್ಲಿಯವರೆಗೆ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಜೋರು ಬೇಡ. ಎಂಆರ್‌ಎಫ್ ಹಾಕಿಸಿ ಮಡಿಕೇರಿ ಮಳೆಯಲ್ಲಿ ಓಡಿಸಿದವರು ಇದ್ದರೆ ಹೇಗಿದೆ ಅಂತ ಬರೆಯಿರಿ, ಪ್ರಶ್ನೆ ಕೇಳಿದವರಿಗೂ ಅನುಕೂಲ, ನನಗೂ ತಿಳಿಯಬೇಕಿದೆ.