ಗೇನ್, ಫೀಡ್‌ಬ್ಯಾಕ್, ಡಿಲೇ: ಕೈಗೆ ಕಿವಿಗೆ ಒಗ್ಗುವ ಕನ್ನಡ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಸೌಂಡ್ ಮತ್ತು ವಿಡಿಯೊ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲ ಪಾಠ ಹೇಳಿಕೊಡುತ್ತೇನೆ. ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಓದಿದವರು. ಅವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬರೆಯುತ್ತಾ ಹೋದಂತೆ ಕೆಲವು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ನಿಮ್ಮ ಸಹಾಯ ಬೇಕು.

ಹೋದ ತಿಂಗಳು ಹಾವೇರಿ ಕಡೆಯ ಒಬ್ಬ ಹುಡುಗ ಸೌಂಡ್ ಮಿಕ್ಸರ್ (ಹಲವು ಮೈಕುಗಳ ಸದ್ದನ್ನು ಬೆರೆಸುವ ಯಂತ್ರ) ಜೊತೆ ಬಂದ ಪುಸ್ತಕವನ್ನು ಫೋನಿನಲ್ಲಿ ಕನ್ನಡಕ್ಕೆ ಮಾಡಿಕೊಂಡು ಓದುತ್ತಿದ್ದ. "ಸರ, ಇದರಾಗ ಲಾಭ ಹೆಚ್ಚು ಮಾಡ್ರಿ ಅಂತ ಐತಿ. ಲಾಭದ ನಾಬ್ ಯಾವುದ್ರಿ?" ಅಂತ ಕೇಳಿದ. ನೋಡಿದರೆ ಗೇನ್ ಅಲ್ಲಿ ‘ಲಾಭ’ ಆಗಿತ್ತು. ವಾಲ್ಯೂಮ್ ‘ಸಂಪುಟ’ ಆಗಿತ್ತು, ಫೀಡ್‌ಬ್ಯಾಕ್ ‘ಪ್ರತಿಕ್ರಿಯೆ’, ಗ್ರೌಂಡ್ ‘ಮೈದಾನ’. ಅರ್ಧ ಗಂಟೆ ಶ್ರದ್ಧೆಯಿಂದ ಓದಿದ್ದ. ಏನೂ ತಲೆಗೆ ಹತ್ತಿರಲಿಲ್ಲ. ತನಗೇ ಬುದ್ಧಿ ಸಾಲದು ಅಂದುಕೊಂಡಿದ್ದ. ಅದು ನನ್ನ ಮನಸ್ಸಿಗೆ ತುಂಬಾ ತಟ್ಟಿತು. ಒಂದು ಪದ ತಪ್ಪಾದರೆ ಕಲಿಯುವವನು ತನ್ನನ್ನೇ ಅನುಮಾನಿಸುತ್ತಾನೆ.

ದೊಡ್ಡ ತೊಡಕು ಗೇನ್ ಅನ್ನುವುದರದ್ದೇ. ಈ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಕಿನಿಂದ ಹೊರಡುವ ಸಿಗ್ನಲ್ ಬಹಳ ಸಣ್ಣದು. ಭಾಷಣಕ್ಕೆ ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈನಮಿಕ್ ಮೈಕು ಕೊಡುವುದು ಒಂದೆರಡು ಮಿಲಿವೋಲ್ಟ್ ಅಷ್ಟೇ. ಮುಂದಿನ ಯಂತ್ರಗಳಿಗೆ ಬೇಕಾದದ್ದು ಒಂದು ವೋಲ್ಟಿನ ಆಸುಪಾಸು. ಇದನ್ನು ನಾವು ಲೈನ್ ಲೆವೆಲ್ ಅನ್ನುತ್ತೇವೆ, ಲೆಕ್ಕಕ್ಕೆ 1.23 ವೋಲ್ಟ್. ಅಲ್ಲಿಗೆ ತಲುಪಲು ಸುಮಾರು ಸಾವಿರ ಪಟ್ಟು ಮೇಲಕ್ಕೆ ತರಬೇಕು. ಡೆಸಿಬೆಲ್ ಲೆಕ್ಕದಲ್ಲಿ ಅದೇ 60 ಡಿಬಿ. ಹೀಗೆ ಮೇಲಕ್ಕೆ ತರುವುದೇ ಗೇನ್. ಮಿಕ್ಸರಿನ ಪ್ರತಿ ಚಾನೆಲ್‌ನ ತಲೆಯಲ್ಲಿರುವ ನಾಬ್ ಈ ಕೆಲಸ ಮಾಡುತ್ತದೆ. ಕೆಳಗೆ ಬೆರಳಿನಿಂದ ಜಾರಿಸುವ ಫೇಡರ್ ಮಾಡುವ ಕೆಲಸ ಬೇರೆ. ಹೀಗೆ ಮೇಲೆ ಬಂದದ್ದರಲ್ಲಿ ಎಷ್ಟನ್ನು ಹೊರಗೆ ಕಳಿಸಬೇಕು ಅನ್ನುವುದು ಅದರ ಲೆಕ್ಕ.

ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ: "ಸೌಂಡ್ ಜಾಸ್ತಿ ಮಾಡು." ಹಾಗೆಂದ ಕೂಡಲೇ ಹೊಸಬ ಕೈಗೆ ಸಿಕ್ಕಿದ್ದನ್ನು ಏರಿಸುತ್ತಾನೆ. ಗೇನ್ ಕಡಿಮೆ ಇದ್ದು ಫೇಡರ್ ಪೂರ್ತಿ ಏರಿಸಿದರೆ ಮಾತಿನ ಜೊತೆ ಸುಂಯ್ ಅನ್ನುವ ಸದ್ದೂ ಬರುತ್ತದೆ. ಗೇನ್ ಅತಿಯಾದರೆ ಸೌಂಡ್ ಒಡೆಯುತ್ತದೆ. ಈ ‘ಒಡೆಯುವುದು’ ನಮ್ಮವರು ದಿನಾ ಆಡುವ ಮಾತು. ಕ್ಲಿಪ್ಪಿಂಗ್‌ಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಕಂಡಿಲ್ಲ.

ಪಾಠದಲ್ಲಿ ನಾನು ಹೇಳುವುದು ಮನೆಯ ನೀರಿನ ಲೆಕ್ಕ. ಮೋಟರ್ ಬೋರ್‌ವೆಲ್ಲಿನಿಂದ ನೀರು ಎತ್ತಿ ಟ್ಯಾಂಕಿಗೆ ತುಂಬುತ್ತದೆ. ನಲ್ಲಿ ಅದನ್ನು ಬೇಕಾದಷ್ಟು ಬಿಡುತ್ತದೆ. ಟ್ಯಾಂಕಿನಲ್ಲಿ ನೀರೇ ಇಲ್ಲದಿದ್ದರೆ ನಲ್ಲಿ ಪೂರ್ತಿ ತಿರುಗಿಸಿದರೂ ಬರುವುದು ಗಾಳಿ. ಟ್ಯಾಂಕು ತುಂಬಿ ಹರಿಯುತ್ತಿದ್ದರೆ ನಲ್ಲಿ ಕಟ್ಟಿ ಏನು ಪ್ರಯೋಜನ? ಹಾಗೆಯೇ ಗೇನ್ ಹತ್ತಿರ ಒಡೆದ ಸೌಂಡನ್ನು ಫೇಡರ್ ಇಳಿಸಿ ಸರಿ ಮಾಡಲಾಗದು. ಒಡೆದದ್ದೇ ಸಣ್ಣಗೆ ಕೇಳುತ್ತದೆ, ಅಷ್ಟೇ. ಹೀಗೆ ಹೇಳಿದ ಮೇಲೆ "ಮೊದಲು ಎತ್ತು, ಆಮೇಲೆ ಬಿಡು" ಅಂದರೆ ಸಾಕು, ಯಾರ ಕೈಯೂ ತಪ್ಪುವುದಿಲ್ಲ.

ಹಾಗಾಗಿ ಕ್ರಿಯಾಪದ ಸಿಕ್ಕಿದೆ. ನಾಮಪದ ಸಿಕ್ಕಿಲ್ಲ. ‘ಎತ್ತುವಳಿ’ ಅಂದರೆ ಚಂದಾ ಎತ್ತುವುದು ನೆನಪಾಗುತ್ತದೆ. ‘ಏರಿಕೆ’ ಅಂದರೆ ಬೆಲೆ ಏರಿಕೆ. ‘ಗಳಿಕೆ’ಯೂ ದುಡ್ಡಿನ ಕಡೆಗೇ ಎಳೆಯುತ್ತದೆ. ‘ಎತ್ತಿಕೆ’ ಅಂತ ಬರೆದು ನೋಡಿದೆ, ಕಿವಿಗೆ ಇನ್ನೂ ಒಗ್ಗಿಲ್ಲ. ಸದ್ಯಕ್ಕೆ ‘ಗೇನ್’ ಅನ್ನೇ ಇಟ್ಟುಕೊಂಡು ‘ಎತ್ತು’ ಅನ್ನುವ ಕ್ರಿಯಾಪದ ಬಳಸುತ್ತಿದ್ದೇನೆ. ಇದು ಸರಿಯೇ?

ಫೀಡ್‌ಬ್ಯಾಕ್ ಕಥೆ ಬೇರೆ. ಇದಕ್ಕೆ ಜನರ ಬಾಯಲ್ಲಿ ಆಗಲೇ ಪದಗಳಿವೆ. "ಮೈಕು ಕೂಗುತ್ತಿದೆ" ಅನ್ನುತ್ತಾರೆ, "ಕುಂಯ್ ಅಂತು" ಅನ್ನುತ್ತಾರೆ. ಕೆಲವರು "ಎಕೋ ಹೊಡೀತಿದೆ" ಅನ್ನುತ್ತಾರೆ. ಈ ಕೊನೆಯದು ಮಾತ್ರ ಹೊಸಬರ ದಾರಿ ತಪ್ಪಿಸುತ್ತದೆ. ಆಂಪ್ಲಿಫೈಯರಿನ ಎಕೋ ನಾಬ್ ಪೂರ್ತಿ ಇಳಿಸಿ, ಇನ್ನೂ ಯಾಕೆ ಕೂಗುತ್ತಿದೆ ಅಂತ ನಿಂತು ನೋಡುತ್ತಾರೆ. ಎಕೋ ಅಂದರೆ ಶಾಲೆಯ ಪುಸ್ತಕದ ಪ್ರತಿಧ್ವನಿ. ಸದ್ದು ಎದುರಿನ ಗೋಡೆಗೆ ಬಡಿದು ಕಾಲು ಸೆಕೆಂಡೋ ಅರ್ಧ ಸೆಕೆಂಡೋ ಬಿಟ್ಟು ಮತ್ತೆ ಕೇಳುವುದು. ಕನಿಷ್ಠ 0.1 ಸೆಕೆಂಡ್ ಅಂತರ ಬೇಕು, ಅಂದರೆ ಗೋಡೆ ಸುಮಾರು 17 ಮೀಟರ್ ದೂರವಿರಬೇಕು. ಫೀಡ್‌ಬ್ಯಾಕ್‌ಗೆ ಗೋಡೆಯೇ ಬೇಕಿಲ್ಲ, ಬಯಲಿನಲ್ಲೂ ಬರುತ್ತದೆ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ದೊಡ್ಡದಾಗಿ, ಮತ್ತೆ ಸ್ಪೀಕರಿಗೆ ಬಂದು, ಮತ್ತೆ ಮೈಕಿಗೆ ಹೋಗುತ್ತದೆ. ಸುತ್ತು ನಿಲ್ಲುವುದೇ ಇಲ್ಲ. ಫ್ರೆಂಚರು ಇದನ್ನು ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ‘ಲಾರ್ಸೆನ್’ ಅಂತಲೇ ಕರೆಯುತ್ತಾರೆ. ಅವರು ಇಂಗ್ಲಿಷ್ ಪದವನ್ನು ಅನುವಾದಿಸಲು ಹೋಗಲಿಲ್ಲ. ನಾವೂ ಫೀಡ್‌ಬ್ಯಾಕ್ ಅನ್ನು ಪದಕ್ಕೆ ಪದ ಅನುವಾದಿಸಿದ ‘ಹಿಮ್ಮಾಹಿತಿ’ ಕಡೆ ಹೋಗಬೇಕಿಲ್ಲ ಅಲ್ವಾ? ನಾನು ‘ಸುತ್ತುಕೂಗು’ ಅಂತ ಬರೆದಿದ್ದೇನೆ. ಪದದಲ್ಲೇ ಕಾರಣ ಇದೆ, ಪರಿಹಾರವೂ ಇದೆ: ಸುತ್ತನ್ನು ಎಲ್ಲಾದರೂ ಕಡಿಯಬೇಕು. ಮೈಕನ್ನು ಸ್ಪೀಕರಿನ ಹಿಂದಕ್ಕೆ ತಾ, ಬಾಯಿಗೆ ಹತ್ತಿರ ಹಿಡಿ, ಎತ್ತಿದ್ದನ್ನು ಸ್ವಲ್ಪ ಇಳಿಸು.

ಈ ವಿಷಯದಲ್ಲಿ ಕನ್ನಡದ ಅನುಕರಣ ಪದಗಳಿಗೆ ನಾನು ಕೈಮುಗಿಯುತ್ತೇನೆ. ಅರ್ತಿಂಗ್ ಸರಿಯಿಲ್ಲದಿದ್ದರೆ ‘ಗುಂಯ್’. ನಮ್ಮ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಇಮ್ಮಡಿ 100 ಹರ್ಟ್ಸ್ ಅದರಲ್ಲಿ ಕೇಳುತ್ತದೆ. ಗೇನ್ ಹಂತದ ಸದ್ದು ‘ಸುಂಯ್’. ಸುತ್ತುಕೂಗು ‘ಕುಂಯ್’. ಧೂಳು ಹಿಡಿದ ನಾಬ್ ‘ಚರಚರ’. ಆಂಪ್ಲಿಫೈಯರ್ ಆನ್ ಇರುವಾಗ ಕೇಬಲ್ ಕಿತ್ತರೆ ‘ಢಬ್’. ಫೋನಿನಲ್ಲಿ ಯಾರಾದರೂ "ಗುಂಯ್ ಅಂತಿದೆ" ಅಂದರೆ ಅರ್ತಿಂಗ್ ನೋಡು ಅನ್ನುತ್ತೇನೆ, "ಚರಚರ ಅಂತಿದೆ" ಅಂದರೆ ನಾಬಿನ ಧೂಳು ತೆಗೆದು ನೋಡು ಅನ್ನುತ್ತೇನೆ. ಅಲ್ಲಿಗೆ ಹೋಗದೆಯೇ ಎಷ್ಟೋ ಸಲ ಕೆಲಸ ಮುಗಿದಿದೆ. ಈ ಪದಗಳನ್ನು ಕೈಪಿಡಿಯಲ್ಲಿ ಹಾಗೆಯೇ ಇಡಬೇಕು ಅಂತಿದ್ದೇನೆ. ಪುಸ್ತಕಕ್ಕೆ ಹಗುರವಾಯಿತು ಅನ್ನುವವರಿದ್ದರೆ ನಾನು ಒಪ್ಪುವುದಿಲ್ಲ.

ವ್ಯಾಕರಣದಿಂದಲೂ ಒಂದು ಉಪಕಾರವಾಗಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಲ್ಯ’ ಅನ್ನಿ. ಆಮೇಲೆ ಉಸಿರು ಕೊಟ್ಟು ‘ಫಲ’ ಅನ್ನಿ, ಇಂಗ್ಲಿಷಿನ ಎಫ್ ತರಹ ಅಲ್ಲ. ಎರಡನೆಯ ಸಲ ಅಂಗೈಗೆ ಗಾಳಿ ಬಡಿಯುತ್ತದೆ. ಮೈಕಿಗೂ ಹಾಗೇ ಬಡಿದು ‘ಬುಫ್’ ಅನ್ನುತ್ತದೆ. ಮಹಾಪ್ರಾಣ ಅಂದರೆ ಹೆಚ್ಚು ಉಸಿರು ಅನ್ನುವುದು ಅಂಗೈಯಲ್ಲೇ ಗೊತ್ತಾಗುತ್ತದೆ. ಮೈಕಿಗೆ ಹೀಗೆ ಉಸಿರು ಬಡಿಯುವುದಕ್ಕೆ ‘ಉಸಿರುಗುದ್ದು’ ಅಂತ ಬರೆದಿದ್ದೇನೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಸು ಓರೆ ಹಿಡಿದರೆ ತಪ್ಪುತ್ತದೆ.

ಫ್ಯಾಂಟಮ್ ಅಂದರೆ ಇಂಗ್ಲಿಷಿನಲ್ಲಿ ಭೂತ; ಆದರೂ ಫ್ಯಾಂಟಮ್ ಪವರ್ ಅನ್ನು ದಯವಿಟ್ಟು ಯಾರೂ ಭೂತ ಪ್ರೇತ ಮಾಡುವುದು ಬೇಡ. ಸದ್ದು ಬರುವ ತಂತಿಯಲ್ಲೇ ಮೈಕಿಗೆ ಕರೆಂಟು ಹೋಗುತ್ತದೆ, ಬೇರೆ ತಂತಿ ಕಾಣುವುದಿಲ್ಲ. ಅದಕ್ಕೆ ಆ ಹೆಸರು. 1966ರಲ್ಲಿ ನಾರ್ವೆಯ ರೇಡಿಯೊಕ್ಕಾಗಿ ನ್ಯೂಮನ್ ಕಂಪನಿ ಇಂಥ ಮೈಕು ಮಾಡಿಕೊಟ್ಟಾಗ, ಅಲ್ಲಿನ ತುರ್ತು ದೀಪಗಳಿಗೆ ಆಗಲೇ 48 ವೋಲ್ಟ್ ಇತ್ತು. ಅದನ್ನೇ ಬಳಸಿಕೊಂಡರು, ಅದೇ ನಿಂತಿತು. ನಮ್ಮವರು "ನಲವತ್ತೆಂಟು ಹಾಕು" ಅನ್ನುತ್ತಾರೆ. ನನಗೆ ಅಷ್ಟು ಸಾಕು.

‘ಆವೃತ್ತಿ’ಯ ಬಗ್ಗೆಯೂ ಒಂದು ಮಾತು. ಶಾಲೆಯಲ್ಲಿ ಫ್ರೀಕ್ವೆನ್ಸಿಗೆ ಇದನ್ನೇ ಕಲಿಸುತ್ತಾರೆ. ಪುಸ್ತಕದ ಎರಡನೆಯ ಮುದ್ರಣವೂ ಆವೃತ್ತಿ, ಸಾಫ್ಟ್‌ವೇರ್‌ನ ವರ್ಷನ್ ಕೂಡ ಆವೃತ್ತಿ. ಡಿಜಿಟಲ್ ಮಿಕ್ಸರಿನ ಪಾಠದಲ್ಲಿ ಒಂದೇ ಪುಟದಲ್ಲಿ ಎರಡು ಅರ್ಥ ಬಂದು ಮಕ್ಕಳು ಗಲಿಬಿಲಿಯಾದರು. ವರ್ಷನ್‌ಗೆ ಬೇರೆ ಪದ ಇಟ್ಟುಕೊಳ್ಳುವುದೇ ಒಳ್ಳೆಯದು ಅಂತ ಕಾಣುತ್ತದೆ.

ಇನ್ನು ತಡದ ವಿಷಯ. ಲೇಟೆನ್ಸಿ ಮತ್ತು ಡಿಲೇ ಅಂತ ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ನಿಘಂಟು ನೋಡಿದರೆ ಎರಡಕ್ಕೂ ‘ವಿಳಂಬ’. ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆಯಲ್ಲಿ ಹಾಡುವವರ ಮುಖ ದೊಡ್ಡದಾಗಿ ಕಾಣುತ್ತಿರುತ್ತದೆ. ಕ್ಯಾಮೆರಾದಿಂದ ಪರದೆಗೆ ಬರುವಷ್ಟರಲ್ಲಿ ಚಿತ್ರ ಎರಡು ಮೂರು ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಹಿಂದೆ ಬಿದ್ದಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದೊಂದಕ್ಕೆ 40 ಮಿಲಿಸೆಕೆಂಡ್. ಹಾಡು ಮುಂದೆ, ತುಟಿ ಹಿಂದೆ. ಇದು ನಾವು ಬೇಡವೆಂದರೂ ಆಗುವ ತಡ, ಲೇಟೆನ್ಸಿ. ಅದೇ ಮೈದಾನದಲ್ಲಿ, ವೇದಿಕೆಯಿಂದ 34 ಮೀಟರ್ ಆಚೆ ಇನ್ನೊಂದು ಜೋಡಿ ಸ್ಪೀಕರ್ ಇಟ್ಟಿರುತ್ತೇವೆ. ತಂತಿಯಲ್ಲಿ ಸಿಗ್ನಲ್ ಆ ಕ್ಷಣವೇ ತಲುಪುತ್ತದೆ. ಗಾಳಿಯಲ್ಲಿ ಸದ್ದಿಗೆ ಸುಮಾರು 100 ಮಿಲಿಸೆಕೆಂಡ್ ಬೇಕು. ಎರಡೂ ಒಟ್ಟಿಗೆ ಕೇಳಲಿ ಅಂತ ಆ ದೂರದ ಸ್ಪೀಕರನ್ನು ಅಷ್ಟು ಹೊತ್ತು ತಡೆದು ಬಿಡುತ್ತೇವೆ. ಇದು ನಾವೇ ಮಾಡುವ ತಡ, ಡಿಲೇ.

ಬಹಳ ದಿನ ಹೊಸ ಪದ ಹುಡುಕಿದೆ. ಆಮೇಲೆ ಹೊಳೆಯಿತು. ‘ತಡವಾಗು’, ‘ತಡಮಾಡು’. ಆಗು ಮತ್ತು ಮಾಡು ಅನ್ನುವುದರಲ್ಲೇ ಆ ವ್ಯತ್ಯಾಸ ಪೂರ್ತಿ ಇದೆ. ಇಂಗ್ಲಿಷಿನಲ್ಲಿ ವಿವರಿಸಿ ಹೇಳಬೇಕಾದ್ದನ್ನು ನಮ್ಮ ಮಗು ಮೂರನೇ ವರ್ಷಕ್ಕೇ ಬಲ್ಲದು. ಹೊಸಬರಿಗೆ "ಇಲ್ಲಿ ತಡವಾಗುತ್ತಿದೆ, ಅಲ್ಲಿ ತಡಮಾಡು" ಅಂದೆ. ಎರಡನೇ ಸಲ ಹೇಳಬೇಕಾಗಲಿಲ್ಲ.

ಆದರೆ ಯಂತ್ರದ ಪರದೆಯ ಮೇಲೆ ಇಡೀ ವಾಕ್ಯಕ್ಕೆ ಜಾಗವಿಲ್ಲ, ಒಂದೊಂದೇ ಪದ ಬೇಕು. ಲೇಟೆನ್ಸಿಗೆ ‘ಆದ ತಡ’, ಡಿಲೇಗೆ ‘ಇಟ್ಟ ತಡ’ ಅಂತ ಯೋಚಿಸಿದ್ದೇನೆ. ಇದಕ್ಕಿಂತ ಚಿಕ್ಕದು, ಚೊಕ್ಕದು ನಿಮಗೆ ಹೊಳೆದರೆ ತಿಳಿಸಿ. ಗೇನ್ ಮತ್ತು ಸುತ್ತುಕೂಗಿಗೂ ಬೇರೆ ಪದ ಗೊತ್ತಿದ್ದರೆ ಬರೆಯಿರಿ. ನಿಮ್ಮೂರಿನ ಮೈಕ್‌ಸೆಟ್ಟಿನವರ ಬಾಯಲ್ಲಿ ಕೇಳಿದ ಪದವಾದರೆ ಯಾವ ಊರಿನದು ಅನ್ನುವುದನ್ನೂ ಸೇರಿಸಿ.